ಹಳೆ ಟಿಲ್ಲರ್ ಟ್ರೇಲರ್ ರಿಪೇರಿ ಮಾಡಿ ಕಟ್ಟಿಗೆ ಸಾಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕೊಟ್ಟಿಗೆಯ ಹಿಂದೆ ಒಂದು ಪವರ್ ಟಿಲ್ಲರ್ (ಕೈಯಲ್ಲಿ ಹಿಡಿದು ನಡೆಸುವ ಎರಡು ಚಕ್ರದ ಉಳುವ ಯಂತ್ರ) ಟ್ರೇಲರ್ ಹತ್ತು ಮಳೆಗಾಲ ನೆನೆದು ಬಿದ್ದಿತ್ತು. ಮೂಕಿಯ (ಟಿಲ್ಲರಿಗೆ ಸಿಗಿಸುವ ಮುಂದಿನ ಉದ್ದ ತೊಲೆ) ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು, ಪೆಟ್ಟಿಗೆಯ ತಳದಲ್ಲಿ ಜರಿಗಿಡ ಹುಟ್ಟಿತ್ತು. ಬಚ್ಚಲ ಹಂಡೆಗೂ ಅಡಿಕೆ ಬೇಯಿಸುವ ಒಲೆಗೂ ಗುಡ್ಡದ ಮೇಲಿನ ಅಕೇಶಿಯಾ ಕಟ್ಟಿಗೆ ತರಲು ಪ್ರತಿ ವರ್ಷ ಬಾಡಿಗೆ ಗಾಡಿಯವರ ಹಿಂದೆ ಅಲೆದು ಸಾಕಾಗಿ, ಒಂದು ಬೇಸಿಗೆ ಅದನ್ನು ಎತ್ತಿ ನಿಲ್ಲಿಸಿದೆ. ಅಂದಿನಿಂದ ಊರವರು, ನೆಂಟರು ಕೇಳಿದ್ದನ್ನೇ ಕೇಳುತ್ತಾರೆ. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ತೋಟದವನು. ವೆಲ್ಡಿಂಗ್ ಮಾಡಿದ್ದು ಪೇಟೆಯ ವೆಲ್ಡರ್, ಉಳಿದದ್ದು ನಾನು ಮತ್ತು ನನ್ನ ಭಾವ.

ಗುಜರಿಗೆ ಹಾಕುವುದೋ, ರಿಪೇರಿ ಮಾಡುವುದೋ?

ಪೆಟ್ಟಿಗೆ ನೋಡಿ ತೀರ್ಮಾನಿಸಬೇಡಿ. ಎಲ್ಲರಿಗೂ ಮೊದಲು ಕಾಣುವುದು ತೂತುಬಿದ್ದ ತಗಡು, ಆದರೆ ತಗಡು ಬದಲಾಯಿಸುವುದು ಎರಡು ದಿನದ ಕೆಲಸ. ನೋಡಬೇಕಾದ್ದು ಕೆಳಗೆ: ಚಾಸಿ (ಅಡಿಯ ಚೌಕಟ್ಟು), ಆಕ್ಸಲ್ (ಚಕ್ರದ ಅಚ್ಚು), ಹಬ್ (ಚಕ್ರದ ನಡುವಿನ ಗುಂಬ), ಮೂಕಿ.

ಒಂದು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ನುಗ್ಗಿ. ಚಾಸಿಯ ಚಾನೆಲ್ (ಕಬ್ಬಿಣದ ತೊಲೆ) ಉದ್ದಕ್ಕೂ ಗೇಣಿಗೊಂದು ಏಟು ಹಾಕುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಡಬ್ ಎಂದು ಸತ್ತ ಸದ್ದು ಕೊಟ್ಟು ಚಕ್ಕೆ ಉದುರಿಸುತ್ತದೆ. ಸದ್ದು ಸತ್ತ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಬಲವಾಗಿ ಒತ್ತಿ. ಒಳಗೆ ಹೋದರೆ ಅಲ್ಲಿ ಕಬ್ಬಿಣ ಉಳಿದಿಲ್ಲ. ಅಡ್ಡಪಟ್ಟಿ ಒಂದೆರಡು ಹೋಗಿದ್ದರೆ ಚಿಂತೆಯಿಲ್ಲ. ಉದ್ದದ ಎರಡು ಚಾನೆಲ್‌ಗಳೂ ಎರಡು-ಮೂರು ಕಡೆ ಹೋಗಿದ್ದರೆ ಆಕ್ಸಲ್ ಮತ್ತು ಚಕ್ರ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ. ಆಕ್ಸಲ್ಲೇ ಬಗ್ಗಿದ್ದರೆ ಕಾಯಿಸಿ ನೆಟ್ಟಗೆ ಮಾಡುವ ಸಾಹಸ ಬೇಡ. ಗುಜರಿಯಲ್ಲಿ ನೆಟ್ಟಗಿರುವುದೇ ಸಿಗುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಚಕ್ರದಿಂದ. ಹೆಚ್ಚಿನವರು ಗ್ರೈಂಡರ್ ತಂದು ತುಕ್ಕು ಕೆರೆಯುವುದರಿಂದ ಶುರು ಮಾಡುತ್ತಾರೆ, ಎರಡನೇ ದಿನಕ್ಕೆ ಕೈ ನೋವು, ಮೂರನೇ ದಿನಕ್ಕೆ ಬೇಸರ. ಚಕ್ರ ಸಲೀಸಾಗಿ ತಿರುಗುವಂತಾದರೆ ಟ್ರೇಲರನ್ನು ನೆರಳಿಗೆ ತಳ್ಳಬಹುದು, ವೆಲ್ಡಿಂಗ್ ಅಂಗಡಿಗೂ ಒಯ್ಯಬಹುದು.

ಜಾಕ್ ಕೊಟ್ಟ ಮೇಲೆ ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಅದರ ಮೇಲೆ ಕೂರಿಸಿ. ಜಾಕ್ ನಂಬಿ ಕೆಳಗೆ ಮಲಗಬೇಡಿ. ಕೆಂಪುಕಲ್ಲು, ಸಿಮೆಂಟ್ ಬ್ಲಾಕ್ ಇಡಲೇಬೇಡಿ, ಅವು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ.

ಹಬ್ ಬಿಚ್ಚಲೇಬೇಕಾ? ಮೇಲಿಂದ ಗ್ರೀಸ್ ಹೊಡೆದರೆ ಸಾಲದೇ?

ಸಾಲದು. ನನ್ನದರ ಎಡ ಹಬ್ಬಿನ ಕಪ್ ತೆಗೆದಾಗ ಒಳಗಿದ್ದದ್ದು ಗ್ರೀಸ್ ಅಲ್ಲ, ಹಾಲು ಹಾಕಿದ ಕಾಫಿಯ ಬಣ್ಣದ ಲೋಳೆ. ನೀರು ಸೇರಿದ ಗ್ರೀಸ್ ಹಾಗೆಯೇ ಆಗುವುದು. ಅದನ್ನು ಬೆರಳಲ್ಲಿ ತೆಗೆದು ಹಾಳೆಯ ಮೇಲೆ ಉಜ್ಜಿದರೆ ಮಿಣಮಿಣ ಹೊಳೆಯುವ ಪುಡಿ ಕಂಡಿತು. ಅಷ್ಟೂ ಬೇರಿಂಗ್ ಸವೆದ ಕಬ್ಬಿಣ.

ಸ್ಪ್ಲಿಟ್ ಪಿನ್ ತೆಗೆದು, ನಟ್ ಬಿಚ್ಚಿ ಹಬ್ ಎಳೆದರೆ ಹೊರಗೊಂದು ಒಳಗೊಂದು ಟೇಪರ್ ಬೇರಿಂಗ್ ಇರುತ್ತವೆ. ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಒಂದೊಂದೇ ರೋಲರ್ ತಿರುಗಿಸಿ ನೋಡಿ. ಚುಕ್ಕೆ ಬಿದ್ದಿದ್ದರೆ, ನೀಲಿಗಟ್ಟಿದ್ದರೆ, ಹಬ್ಬಿನೊಳಗಿನ ಬಳೆಯ ಮೇಲೆ ಉಗುರು ಎಳೆದಾಗ ತಡೆದರೆ, ಹೊಸದು ಹಾಕಿ. ಬೇರಿಂಗ್ ಬದಲಿಸಿ ಹಳೇ ಬಳೆಯನ್ನೇ ಉಳಿಸುವ ಜಿಪುಣತನ ಬೇಡ, ಎರಡೂ ಜೋಡಿಯಾಗಿಯೇ ಬರುತ್ತವೆ. ನಂಬರ್ ಅಂಚಿನ ಮೇಲೇ ಕೆತ್ತಿರುತ್ತದೆ. ಅದು ಅಳಿಸಿಹೋಗಿದ್ದರೆ ಆಕ್ಸಲ್ ತುದಿಯ ದಪ್ಪ ಅಳೆದುಕೊಂಡು ಹೋಗಿ. ಈ ಬೇರಿಂಗ್‌ಗಳ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಬರುತ್ತದೆ: 30206 ಅಂದರೆ 30 ಮಿ.ಮೀ., 30208 ಅಂದರೆ 40. ಅಂಗಡಿಯವನು ತಪ್ಪು ಕೊಟ್ಟರೆ ಅಲ್ಲೇ ಗೊತ್ತಾಗುತ್ತದೆ.

ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ಇನ್ನೊಂದು ಬದಿಯಿಂದ ಹುಳದ ಹಾಗೆ ಹೊರಬರುವವರೆಗೂ. ಆಯಿಲ್ ಸೀಲ್ (ಗ್ರೀಸ್ ಹೊರಬರದಂತೆ ತಡೆಯುವ ಬಳೆ) ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಹೊಸದೇ ಹಾಕಿ. ಯಾಕೆಂದು ಮುಂದಿನ ಉತ್ತರದಲ್ಲಿದೆ. ಬಿಗಿಯುವಾಗ ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ. ಚಕ್ರ ಭಾರವಾಯಿತು ಎನ್ನಿಸಿದಾಗ ನಿಲ್ಲಿಸಿ, ಪಿನ್ ಕೂರುವ ಮುಂದಿನ ಸೀಳಿನವರೆಗೆ ಹಿಂದಕ್ಕೆ ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೇ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದವರ ಚಕ್ರ ಗದ್ದೆಗೆ ಉರುಳಿದ್ದನ್ನು ನೋಡಿದ್ದೇನೆ.

ಮೊದಲ ಲೋಡ್ ತಂದ ಮೇಲೆ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಅಂಗೈ ಇಟ್ಟುಕೊಳ್ಳಲು ಆಗದಷ್ಟು ಬಿಸಿಯಾಗಿದ್ದರೆ ನಟ್ ಹೆಚ್ಚು ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ನಮ್ಮದು ಬರೀ ತೋಟದೊಳಗೆ ಓಡುವುದು. ಬ್ರೇಕ್ ಬೇಕಾ?

ತೋಟದೊಳಗೇ ಹೆಚ್ಚು ಬೇಕು. ಟಿಲ್ಲರ್ ಹದಿಮೂರು ಹಾರ್ಸ್‌ಪವರ್‌ನ ಯಂತ್ರ, ಹಿಂದೆ ಟನ್ ಕಟ್ಟಿಗೆ. ಇಳಿಜಾರಿನಲ್ಲಿ ಟಿಲ್ಲರ್ ಟ್ರೇಲರನ್ನು ಎಳೆಯುವುದಿಲ್ಲ, ಟ್ರೇಲರ್ ಟಿಲ್ಲರನ್ನು ನೂಕುತ್ತದೆ. ಅದನ್ನು ನಿಲ್ಲಿಸುವುದು ಟ್ರೇಲರಿನ ಸೀಟಿನ ಕೆಳಗಿನ ಪೆಡಲ್ ಒಂದೇ, ಅದು ಕೆಲಸ ಮಾಡುವುದು ಟ್ರೇಲರ್ ಚಕ್ರದ ಡ್ರಮ್ಮಿನಲ್ಲಿ.

ಹಳೇ ಟ್ರೇಲರ್‌ಗಳಲ್ಲಿ ಬ್ರೇಕ್ ಹಿಡಿಯದಿರುವುದಕ್ಕೆ ನಾನು ಕಂಡಂತೆ ಮುಖ್ಯ ಕಾರಣ ಆ ಸವೆದ ಆಯಿಲ್ ಸೀಲ್. ಹಬ್ಬಿನ ಗ್ರೀಸ್ ಅಲ್ಲಿಂದ ಜಿನುಗಿ ಡ್ರಮ್ಮಿನೊಳಗೆ ಹೋಗುತ್ತದೆ, ಲೈನರ್ (ಡ್ರಮ್ಮಿಗೆ ಒತ್ತುವ ಬ್ರೇಕ್ ಪಟ್ಟಿ) ಅದನ್ನು ಕುಡಿಯುತ್ತದೆ. ಆಮೇಲೆ ಬ್ರೇಕ್ ರಾಡ್ ಎಷ್ಟು ಬಿಗಿದರೂ ಎಣ್ಣೆ ಹಚ್ಚಿದ ಕೈಯಲ್ಲಿ ಮೀನು ಹಿಡಿದ ಹಾಗೆ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದರೆ ಎರಡು ದಿನ ಹಿಡಿಯುತ್ತದೆ, ಬಿಸಿಯಾದಾಗ ಒಳಗಿನ ಜಿಡ್ಡು ಮತ್ತೆ ಹೊರಬರುತ್ತದೆ. ಹೊಸ ಲೈನರ್ ಹೊಡೆಸಿ. ಹಳೇ ಲೈನರಿನ ಪುಡಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎರಡೂ ಚಕ್ರ ಎತ್ತಿ, ಒಬ್ಬರು ಪೆಡಲ್ ನಿಧಾನಕ್ಕೆ ಒತ್ತುತ್ತಿರಲಿ, ಇನ್ನೊಬ್ಬರು ಚಕ್ರ ತಿರುಗಿಸಲಿ. ಎರಡೂ ಒಂದೇ ಹೊತ್ತಿಗೆ ಹಿಡಿಯಬೇಕು. ಒಂದು ಮೊದಲು ಹಿಡಿದರೆ ಇಳಿಜಾರಿನಲ್ಲಿ ಟ್ರೇಲರ್ ಅಡ್ಡ ತಿರುಗುತ್ತದೆ. ರಾಡಿನ ನಟ್‌ನಲ್ಲಿ ಹೊಂದಿಸಿ, ಕೊನೆಗೆ ಚೆಕ್‌ನಟ್ ಬಿಗಿಯಿರಿ.

ಇಳಿಜಾರಿನಲ್ಲಿ ಟಿಲ್ಲರ್ ಉಲ್ಟಾ ತಿರುಗುತ್ತದೆ ಅನ್ನುತ್ತಾರಲ್ಲ, ನಿಜವಾ?

ನಿಜ. ಟ್ರೇಲರ್ ರಿಪೇರಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ, ಹೊಸದಾಗಿ ಲೋಡ್ ಹೊಡೆಯಲು ಶುರು ಮಾಡಿದವರು ಬೀಳುವುದು ಇಲ್ಲೇ.

ಸಮತಟ್ಟಿನಲ್ಲಿ ಬಲಗಡೆಯ ಸ್ಟೀರಿಂಗ್ ಕ್ಲಚ್ ಹಿಡಿದರೆ ಬಲ ಚಕ್ರಕ್ಕೆ ಇಂಜಿನ್ ಸಂಪರ್ಕ ತಪ್ಪುತ್ತದೆ, ಎಡ ಚಕ್ರ ನೂಕುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಂಜಿನ್ ಚಕ್ರಗಳನ್ನು ನೂಕುತ್ತಿಲ್ಲ, ತಡೆದು ಹಿಡಿದಿದೆ. ಅಲ್ಲಿ ಬಲ ಕ್ಲಚ್ ಹಿಡಿದಿರೋ, ಬಲ ಚಕ್ರ ಬಿಡುಗಡೆಯಾಗಿ ಮುಂದೆ ಓಡುತ್ತದೆ, ಎಡದ್ದು ಹಿಡಿದೇ ಇರುತ್ತದೆ, ಗಾಡಿ ಎಡಕ್ಕೆ ನುಗ್ಗುತ್ತದೆ. ಎಡಕ್ಕೆ ಧರೆಯ (ಮಣ್ಣಿನ ಏರುಗೋಡೆ) ಬದಲು ಹಳ್ಳವಿದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಹಾಗಾಗಿ ಇಳಿಯುವ ಮೊದಲೇ, ಮೇಲೆ ನಿಂತಿರುವಾಗಲೇ ಕೆಳ ಗೇರ್‌ಗೆ ಹಾಕಿ. ಇಳಿಜಾರಿನ ಮಧ್ಯದಲ್ಲಿ ಗೇರ್ ಬದಲಿಸಬೇಡಿ, ಮೇನ್ ಕ್ಲಚ್ ಹಿಡಿಯಬೇಡಿ, ನ್ಯೂಟ್ರಲ್ ಅಂತೂ ಬೇಡವೇ ಬೇಡ. ಸ್ಟೀರಿಂಗ್ ಕ್ಲಚ್‌ನಿಂದ ಬೆರಳು ತೆಗೆದು, ಹ್ಯಾಂಡಲ್ ಬಲದಲ್ಲೇ ತಿರುಗಿಸಿ, ಕಾಲನ್ನು ಪೆಡಲ್ ಮೇಲೆ ಹಗುರವಾಗಿ ಇಟ್ಟುಕೊಂಡು ಇಳಿಯಿರಿ.

ಹಳೇ ಟಯರ್ ಓಡುತ್ತಾ?

ಟಯರಿನ ಮೇಲಿನ ಗುಂಡಿ (ಟ್ರೆಡ್) ಸವೆದಿಲ್ಲ ಎಂದು ಮೋಸ ಹೋಗಬೇಡಿ. ನಿಂತ ಟ್ರೇಲರಿನ ಟಯರ್ ಸವೆಯುವುದಿಲ್ಲ, ಒಣಗುತ್ತದೆ. ಪಕ್ಕದ ಗೋಡೆಯಲ್ಲಿ ಬಿರುಕು ಬಿಟ್ಟು ಒಳಗಿನ ದಾರ ಕಂಡರೆ ಅದರ ಕಥೆ ಮುಗಿಯಿತು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇದ್ದರೆ ಅದರಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2318 ಅಂದರೆ 2018ರ 23ನೇ ವಾರದ ತಯಾರಿ.

ಎಷ್ಟೋ ಟಿಲ್ಲರ್ ಟ್ರೇಲರ್‌ಗಳಲ್ಲಿ ಇರುವುದು 6.00-16, ಹಳೇ ಜೀಪಿನ ಟಯರ್ ಸೈಜೇ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಸಿಗುವುದು ಕಷ್ಟವಲ್ಲ. ಪ್ಲೈ (ಭಾರ ಹೊರುವ ದಾರದ ಪದರ) ಎಷ್ಟು ಎಂದು ನೋಡಿಯೇ ತನ್ನಿ. ಎರಡೂ ಕಡೆ ಒಂದೇ ಎತ್ತರದ್ದಿರಲಿ. ಗಾಳಿ ಎಷ್ಟು ಎಂಬುದು ಟಯರಿನ ಮೇಲೇ ಬರೆದಿರುತ್ತದೆ, ಅದನ್ನು ಮೀರಬೇಡಿ. ತುಕ್ಕು ತಿಂದ ರಿಮ್ಮಿಗೆ ಗಾಳಿ ತುಂಬುವಾಗ ಎದುರಿಗೆ ಬಗ್ಗಿ ಕೂರಬೇಡಿ.

ಚಾಸಿ ಬಿರುಕು ಬಿಟ್ಟಿದೆ. ಮೇಲೊಂದು ವೆಲ್ಡಿಂಗ್ ಹೊಡೆದರೆ ಆಯಿತಲ್ಲ?

ಹಾಗೆ ಹೊಡೆಸಿದ್ದು ಆರು ತಿಂಗಳಲ್ಲಿ ಅದರ ಪಕ್ಕದಲ್ಲೇ ಬಿಡುತ್ತದೆ. ಬಿರುಕು ಬರುವ ಜಾಗ ಹೆಚ್ಚುಕಡಿಮೆ ಒಂದೇ: ಮೂಕಿ ಚಾಸಿಗೆ ಸೇರುವ ಬುಡ. ಹೊಂಡಕ್ಕೆ ಬಿದ್ದಾಗಲೆಲ್ಲ ಅಲ್ಲಿ ಕುಕ್ಕುತ್ತದೆ.

ವೆಲ್ಡರ್‌ಗೆ ಹೀಗೆ ಹೇಳಿ. ಮೊದಲು ಬಣ್ಣ, ತುಕ್ಕು ಪೂರ್ತಿ ಕೆರೆದು ಬಿರುಕಿನ ತುದಿ ಎಲ್ಲಿ ಎಂದು ಕಂಡುಹಿಡಿಯಬೇಕು. ಅದರ ತುದಿಗೆ ಒಂದು ಸಣ್ಣ ಡ್ರಿಲ್ ತೂತು ಹಾಕಬೇಕು, ಬಿರುಕು ಮುಂದೆ ಓಡದ ಹಾಗೆ. ಆಮೇಲೆ ಬಿರುಕಿನುದ್ದಕ್ಕೂ ಗ್ರೈಂಡರ್‌ನಲ್ಲಿ ಕಾಲುವೆ ತೆಗೆದು ಬುಡದಿಂದ ತುಂಬಿಸಿಕೊಂಡು ಬರಬೇಕು. ಮೇಲೆ ಪ್ಲೇಟ್ ಹಚ್ಚುವುದಾದರೆ ಚೌಕ ತುಂಡು ಬೇಡ, ಎರಡೂ ತುದಿ ಚೂಪಾದ ವಜ್ರದಾಕಾರದ್ದು. ಚೌಕ ಪ್ಲೇಟಿನ ನೇರ ಅಂಚಿನ ವೆಲ್ಡಿಂಗ್ ಪಕ್ಕದಲ್ಲೇ ಚಾನೆಲ್ ಮತ್ತೆ ಸೀಳುತ್ತದೆ. ನಮ್ಮ ವೆಲ್ಡರ್ ಮೊದಲು ನಕ್ಕ, ಆಮೇಲೆ ಲಾರಿ ಚಾಸಿಗೆ ತಾನೂ ಹಾಗೆಯೇ ಕತ್ತರಿಸುವುದು ಎಂದು ಒಪ್ಪಿಕೊಂಡ.

ನೀವೇ ಮಾಡುವವರಾದರೆ ಮೂರು ಮಿ.ಮೀ. ದಾಟಿದ ಕಬ್ಬಿಣಕ್ಕೆ 3.15 ಮಿ.ಮೀ.ಯ ಮಾಮೂಲಿ 6013 ವೆಲ್ಡಿಂಗ್ ರಾಡ್, ನೂರರಿಂದ ನೂರಿಪ್ಪತ್ತು ಆಂಪ್ಸ್ ಸುಮಾರಿಗೆ. ಮೇಲಿನ ತಗಡಿಗೆ 2.5ರ ರಾಡ್. ಅರ್ತಿಂಗ್ ಕ್ಲಾಂಪನ್ನು ಕೆಲಸ ಮಾಡುವ ಜಾಗದ ಹತ್ತಿರವೇ ಕಚ್ಚಿಸಿ. ಚಕ್ರಕ್ಕೆ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಹೊಸ ಬೇರಿಂಗನ್ನೇ ಸುಡುತ್ತದೆ. ಜಿ.ಐ. ಪೈಪ್ ಬೆಸೆಯುವುದಿದ್ದರೆ ಬೆಸೆಯುವ ಕಡೆ ಸತುವಿನ ಲೇಪ ಕೆರೆದು ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ.

ಹಿಚ್ ಪಿನ್ನಿನ (ಮೂಕಿಯನ್ನು ಟಿಲ್ಲರಿಗೆ ಸಿಗಿಸುವ ಕೀಲು) ತೂತು ಮೊಟ್ಟೆಯಂತಾಗಿದೆ. ದಪ್ಪ ಪಿನ್ ಹಾಕಲಾ?

ಮೊಟ್ಟೆಯಾಕಾರದ ತೂತಿಗೆ ದಪ್ಪ ಪಿನ್ ಹಾಕಿದರೂ ಅಗಲದ ಕಡೆ ಆಟ ಉಳಿದೇ ಉಳಿಯುತ್ತದೆ. ಲೇತ್‌ನಲ್ಲಿ ಒಂದು ಬುಷ್ (ತೂತಿನೊಳಗೆ ಕೂರುವ ಬಳೆ) ಮಾಡಿಸಿ, ತೂತನ್ನು ದುಂಡಗೆ ದೊಡ್ಡದು ಮಾಡಿ ಕೂರಿಸಿ ಬೆಸೆಯಿಸಿ. ಪಿನ್ನಿಗೆ ಕಬ್ಬಿಣದ ಸರಳು ಕತ್ತರಿಸಿ ಹಾಕಬೇಡಿ. ಅದರ ಕೆಳತುದಿಯ ಕ್ಲಿಪ್ ಕಳೆದುಹೋಗದಂತೆ ಸಣ್ಣ ಸರಪಳಿ ಕಟ್ಟಿ. ತಂತಿ ಸುತ್ತಿ ಸುಧಾರಿಸುವ ಚಟ ನಮ್ಮ ಕಡೆ ಜಾಸ್ತಿ.

ತಳಕ್ಕೆ ತಗಡೋ, ಹಲಗೆಯೋ?

ಮಣ್ಣು, ಜಲ್ಲಿ ಹೊಡೆಯುವವರಿಗೆ ತಗಡು. ಬರೀ ಕಟ್ಟಿಗೆ, ಸೊಪ್ಪು, ದರಕು (ಒಣಗಿದ ಎಲೆ) ಆದರೆ ನನ್ನ ಮತ ಹಲಗೆಗೆ. ಕುಂಟೆ (ಮರದ ದಪ್ಪ ತುಂಡು) ಎತ್ತಿ ಹಾಕಿದಾಗ ತಗಡು ತಗ್ಗಾಗುತ್ತದೆ, ಆ ತಗ್ಗಿನಲ್ಲಿ ತೊಗಟೆಪುಡಿ ನಿಲ್ಲುತ್ತದೆ, ಅದು ನೀರು ಹಿಡಿದಿಟ್ಟು ಮತ್ತೆ ತುಕ್ಕು. ಹಲಗೆಗಳ ನಡುವೆ ಅರ್ಧ ಇಂಚು ಸಂದು ಬಿಟ್ಟರೆ ಕಸವೂ ನೀರೂ ಕೆಳಗೇ ಉದುರಿಹೋಗುತ್ತವೆ. ಹಳೇ ಮನೆ ಕಿತ್ತಾಗ ಬಂದ ಮತ್ತಿ ಹಲಗೆ ನಮ್ಮ ಅಟ್ಟದಲ್ಲಿತ್ತು, ಅದನ್ನೇ ಬೋಲ್ಟ್ ಹಾಕಿ ಕೂರಿಸಿದೆ. ಸಿಲ್ವರ್ ಓಕ್ ಅಗ್ಗ, ಆದರೆ ಮಳೆಗೆ ಬೇಗ ಕೊಳೆಯುತ್ತದೆ. ಹಲಗೆಯ ಅಡಿಗೆ, ತುದಿಗೆ ಗೇರೆಣ್ಣೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಅದು ಚರ್ಮ ಸುಡುತ್ತದೆ.

ಪಕ್ಕಕ್ಕೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಕಟ್ಟಿದ್ದೆ. ನೋಡಲು ಚೆಂದ, ಹಗುರ. ಒಂದೇ ಸೀಸನ್ನಿಗೆ ಕುಂಟೆ ಬಡಿದು ಪುಡಿಯಾದವು. ಈಗ ಚಾಸಿಗೆ ಆರು ಕಡೆ ಪೈಪಿನ ತುಂಡು ಬೆಸೆಸಿ, ಬೇಕಾದಾಗ ಗೂಟ ಸಿಗಿಸುತ್ತೇನೆ, ಬೇಡದಾಗ ಕೀಳುತ್ತೇನೆ.

ಎಷ್ಟು ಕಟ್ಟಿಗೆ ಹೇರಬಹುದು?

ನನ್ನ ಪೆಟ್ಟಿಗೆ ಆರಡಿ ಉದ್ದ, ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರ. 36 ಘನ ಅಡಿ, ಅಂದರೆ ಸುಮಾರು ಒಂದು ಘನ ಮೀಟರ್. ಎಷ್ಟು ಒತ್ತಾಗಿ ಪೇರಿಸಿದರೂ ಸಂದು ಉಳಿಯುವುದರಿಂದ ಅದರಲ್ಲಿ ನಿಜವಾದ ಮರ ಶೇ. 60ರ ಸುಮಾರು. ಹಸಿ ಅಕೇಶಿಯಾ ಹೆಚ್ಚುಕಡಿಮೆ ನೀರಿನಷ್ಟೇ ತೂಕ. ಹಾಗಾಗಿ ಅಂಚಿನ ಮಟ್ಟಕ್ಕೆ ತುಂಬಿದರೆ 600 ಕೆ.ಜಿ. ಗೂಟ ಹಾಕಿ ಅದರ ಇಮ್ಮಡಿ ಎತ್ತರಕ್ಕೆ ಪೇರಿಸಿದರೆ 1,200. ಒಳ್ಳೇ ದಾರಿಯಲ್ಲಿ ಟಿಲ್ಲರ್ ಎಳೆಯುತ್ತದೆ, ನಮ್ಮ ಗುಡ್ಡದ ದಾರಿಯಲ್ಲಿ ನಾನು ಅಷ್ಟು ಹೇರುವುದಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಹಸಿ ಕಟ್ಟಿಗೆಯಲ್ಲಿ ಅರ್ಧಕ್ಕರ್ಧ ನೀರು ಎಂದಿಟ್ಟುಕೊಳ್ಳಿ. ಸಾವಿರ ಕೆ.ಜಿ. ಕಟ್ಟಿಗೆಯನ್ನು ನೀರಿನಂಶ ಶೇ. 20ಕ್ಕೆ ಇಳಿಯುವವರೆಗೆ ಒಣಗಿಸಿದರೆ ಉಳಿಯುವುದು 625. ಉಳಿದ 375 ಕೆ.ಜಿ. ನೀರನ್ನು ಡೀಸೆಲ್ ಸುಟ್ಟು ಯಾಕೆ ಹೊರಬೇಕು? ಪುಷ್ಯ-ಮಾಘದಲ್ಲಿ ಕಡಿದು, ಅಲ್ಲೇ ಸೀಳಿ, ಗುಡ್ಡದ ಮೇಲೇ ಅಡ್ಡಡ್ಡ ಒಟ್ಟಿಬಿಡಿ. ಬಿಸಿಲು ತನ್ನ ಕೆಲಸ ಮಾಡಲಿ. ಏಪ್ರಿಲ್ ಕೊನೆಗೆ, ಮುಂಗಾರಿನ ಮೊದಲ ಗುಡುಗಿಗೆ ಮುಂಚೆ ಸಾಗಿಸಿ ಮುಗಿಸಿ.

ಲೋಡ್ ಹಿಂದೆ ಹೆಚ್ಚಾದರೆ ಏನಾಗುತ್ತದೆ?

ಮೂಕಿ ಮೇಲೇಳುತ್ತದೆ. ಅದು ಟಿಲ್ಲರಿನ ಹಿಂಭಾಗವನ್ನೂ ಎತ್ತುತ್ತದೆ, ಚಕ್ರ ಹಿಡಿತ ತಪ್ಪಿ ಮಣ್ಣು ಕೆರೆಯುತ್ತದೆ. ದಪ್ಪ ಕುಂಟೆಗಳನ್ನು ಆಕ್ಸಲ್‌ಗಿಂತ ತುಸು ಮುಂದೆ, ತಳದಲ್ಲಿ ಹಾಕಿ. ಸಣ್ಣವು ಹಿಂದೆ, ಮೇಲೆ. ಲೋಡ್ ಇಳಿಸುವಾಗಲೂ ಹಿಂದಿನಿಂದಲೇ ಶುರು ಮಾಡಿ. ಮುಂದಿನದನ್ನು ಮೊದಲು ತೆಗೆದರೆ ಬಿಚ್ಚಿಟ್ಟ ಟ್ರೇಲರ್ ತಕ್ಕಡಿಯ ಹಾಗೆ ಹಿಂದಕ್ಕೆ ಕೂತುಬಿಡುತ್ತದೆ. ನನ್ನ ಭಾವನ ಗದ್ದಕ್ಕೆ ಮೂಕಿ ಬಡಿದು ಮೂರು ಹೊಲಿಗೆ ಬಿದ್ದದ್ದು ಹೀಗೇ.

ಲೋಡಿನ ಮೇಲೆ ಜನ ಕೂರಬಹುದಾ?

ಇಲ್ಲ. ಮಕ್ಕಳು ಅತ್ತರೂ ಇಲ್ಲ.

ಜೀಪಿಗೆ ಕಟ್ಟಿ ಎಳೆಯಬಹುದಾ?

ಟಯರ್ ಜೀಪಿನದ್ದು ಎಂದು ಆಸೆಪಡಬೇಡಿ. ಹೆಚ್ಚಿನ ಟಿಲ್ಲರ್ ಟ್ರೇಲರ್‌ಗೆ ಸ್ಪ್ರಿಂಗ್ ಇರುವುದಿಲ್ಲ, ಬ್ರೇಕ್ ಪೆಡಲ್ ಇರುವುದು ಟ್ರೇಲರಿನ ಸೀಟಿನಲ್ಲಿ. ಜೀಪಿನ ಸ್ಟೀರಿಂಗ್ ಹಿಡಿದವನ ಕಾಲು ಅಲ್ಲಿಗೆ ಎಟುಕುವುದಿಲ್ಲ.

ಕಾಗದಪತ್ರ ಬೇಕಾ?

1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಎಂದರೆ ಎಳೆಯುವ ಗಾಡಿಯಿಂದ ಬೇರೆಯದೇ ವಾಹನ. ಹಳೇ ಟ್ರೇಲರ್ ಕೊಳ್ಳುವವರು ಕಬ್ಬಿಣದ ಜತೆ ಕಾಗದವನ್ನೂ ಕೇಳಿ ಪಡೆಯಿರಿ. ತೋಟದ ಗೇಟು ದಾಟುವುದಿದ್ದರೆ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸದೆ ಹೊರಡಬೇಡಿ. ಸಂಜೆ ಮಂಜಿನಲ್ಲಿ ಟಿಲ್ಲರ್ ಹಿಂದೆ ಬರುವ ಬಸ್ಸಿಗೆ ಕಟ್ಟಿಗೆ ರಾಶಿ ಕಾಣುವುದೇ ಇಲ್ಲ.

ಕಟ್ಟಿಗೆಯದ್ದು ಬೇರೆ ಲೆಕ್ಕ. ಸ್ವಂತ ಜಮೀನಿನದ್ದಾದರೂ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್, ರಬ್ಬರ್ ಮುಂತಾದವಕ್ಕೆ ವಿನಾಯಿತಿ ಇದೆ. ಸೊಪ್ಪಿನ ಬೆಟ್ಟದ್ದು (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಮನೆಬಳಕೆಯ ಹಕ್ಕು, ಮಾರಲು ಬರುವುದಿಲ್ಲ. ಬೇರೆ ಮರವಿದ್ದರೆ, ರಸ್ತೆಯಲ್ಲಿ ಸಾಗಿಸುವುದಿದ್ದರೆ ಮೊದಲು ರೇಂಜ್ ಆಫೀಸಿಗೆ ಹೋಗಿ ಕೇಳಿಕೊಂಡು ಬನ್ನಿ.

ಮಳೆಗಾಲದಲ್ಲಿ ಎಲ್ಲಿಡಬೇಕು?

ಮಾಡಿನಡಿ, ಚಕ್ರ ನೆಲ ಮುಟ್ಟದಂತೆ ದಿಮ್ಮಿಯ ಮೇಲೆ. ಮಾಡು ಇಲ್ಲದಿದ್ದರೆ ಹಿಂದಿನ ಡೋರ್ ತೆಗೆದು ಮೂಕಿ ಎತ್ತರಕ್ಕಿಟ್ಟು ನೀರು ಹರಿದುಹೋಗುವಂತೆ ಮಾಡಿ. ಟಾರ್ಪಾಲ್ ಬಿಗಿದು ಕಟ್ಟಬೇಡಿ, ಒಳಗೆ ಬೆವರುತ್ತದೆ. ಒಣಕಟ್ಟಿಗೆಯನ್ನು ಅದರಲ್ಲೇ ಬಿಟ್ಟು ಸೆಪ್ಟೆಂಬರ್‌ವರೆಗೆ ಮರೆಯುವವರೂ ಇದ್ದಾರೆ.

ಯಾವ ಬಣ್ಣ ಹೊಡೆಯಲಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಅದಕ್ಕೇ ಕೊನೆಗಿಟ್ಟೆ. ತುಕ್ಕನ್ನು ವೈರ್ ಬ್ರಷ್‌ನಲ್ಲಿ ಕೆರೆದ ದಿನವೇ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಅಡಿಬಣ್ಣ) ಹೊಡೆಯಿರಿ. ನಮ್ಮ ಹವೆಗೆ ರಾತ್ರಿ ಬಿಟ್ಟರೆ ಬೆಳಗ್ಗೆ ಹೊಸ ತುಕ್ಕು ಕೂತಿರುತ್ತದೆ. ಜೂನ್ ಬಂದ ಮೇಲೆ ಬಣ್ಣದ ಡಬ್ಬಿ ತೆಗೆಯಬೇಡಿ. ಅಡಿಭಾಗಕ್ಕೆ ಎರಡು ಕೈ, ಮೇಲೆ ಒಂದು ಕೈ. ಸುಟ್ಟ ಆಯಿಲ್ ಬಳಿಯುವವರು ಡ್ರಮ್ಮಿನ ಹತ್ತಿರ ಬಳಿಯಬೇಡಿ, ಮತ್ತೆ ಅದೇ ಲೈನರಿನ ಕಥೆ. ರೆಡ್ ಆಕ್ಸೈಡ್ ಒಣಗಿದ ಮೇಲೆ ನಿಮ್ಮಿಷ್ಟದ ಎನಾಮೆಲ್. ನಮ್ಮ ಮನೆಯಲ್ಲಿ ನೀಲಿಯೋ ಹಸಿರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಟ್ರೇಲರ್ ಮೂರನೇ ವರ್ಷವೂ ರೆಡ್ ಆಕ್ಸೈಡಿನಲ್ಲೇ ಕಟ್ಟಿಗೆ ಹೊರುತ್ತಿದೆ.